ಎಲ್ಲರಿಗೂ ದಕ್ಕುವ ಹಾಗೆ ಡಿಗ್ರಿ ಪಾಠ ತಯಾರು ಮಾಡುವುದು ಹೇಗೆ?

ಹೊಸ ಸೆಮಿಸ್ಟರ್‌ನ ಟೈಮ್‌ಟೇಬಲ್ ಕೈಗೆ ಬಂದ ಕೂಡಲೇ ನಾವು ಮೇಷ್ಟ್ರುಗಳು ಮಾಡುವ ಮೊದಲ ಕೆಲಸ ಹೋದ ವರ್ಷದ ನೋಟ್ಸ್ ಹುಡುಕುವುದು. ಪೆನ್‌ಡ್ರೈವ್‌ನಲ್ಲೋ ಹಳೆಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲೋ ಎಲ್ಲೋ ಒಂದು ಕಡೆ ಸಿಗುತ್ತದೆ. ಅದನ್ನೇ ಹೊಸ ಗ್ರೂಪ್‌ಗೆ ಹಾಕಿಬಿಟ್ಟರೆ ಅರ್ಧ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆ ಫೈಲ್ ಕಳಿಸುವುದಕ್ಕೆ ಮುಂಚೆ ಏನು ಮಾಡಬೇಕು ಅನ್ನುವುದೇ ಈ ಬರಹ.

ನಾನು ಹೇಳುವುದು ಇಷ್ಟೇ. ಅಂಗವೈಕಲ್ಯವೋ ಬೇರೆ ತೊಂದರೆಯೋ ಇರುವ ವಿದ್ಯಾರ್ಥಿ ಬಂದು "ಸರ್, ಇದು ನನಗೆ ಓದೋಕೆ ಆಗ್ತಿಲ್ಲ" ಅಂದ ಮೇಲೆ ಗಡಿಬಿಡಿ ಮಾಡುವುದಕ್ಕಿಂತ, ಪಾಠ ತಯಾರು ಮಾಡುವಾಗಲೇ ಕೆಲವು ಕೆಲಸ ಮಾಡಿಟ್ಟುಕೊಂಡರೆ ತಲೆನೋವು ಕಡಿಮೆ. ಇದರಲ್ಲಿ ಹೆಚ್ಚಿನದಕ್ಕೆ ದುಡ್ಡೂ ಬೇಕಾಗಿಲ್ಲ, ಪ್ರಿನ್ಸಿಪಾಲರ ಸಹಿಯೂ ಬೇಕಾಗಿಲ್ಲ. ಉದಾಹರಣೆಗೆ ಕನ್ನಡ ಮಾಧ್ಯಮದ ಬಿ.ಎ. ಅರ್ಥಶಾಸ್ತ್ರದ ಪಾಠ ಇಟ್ಟುಕೊಳ್ಳುತ್ತೇನೆ. ನಿಮ್ಮದು ಇತಿಹಾಸವೋ ಬಿ.ಕಾಂ. ಪಾಠವೋ ಆಗಿದ್ದರೆ ಹೊಂದಿಸಿಕೊಳ್ಳಿ.

ಮೊದಲು: ಯಾರಿದ್ದಾರೆ ಅಂತ ಊಹಿಸಬೇಡಿ, ಕೇಳಿ

"ನಮ್ಮ ಕ್ಲಾಸಲ್ಲಿ ಅಂಥವರು ಯಾರೂ ಇಲ್ಲ" ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಆಗಾಗ ಕೇಳುತ್ತದೆ. ವೀಲ್‌ಚೇರೋ ಬಿಳಿ ಕೋಲೋ ಕಂಡರೆ ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವಲ್ಲ, ಅದಕ್ಕೇ ಹಾಗನ್ನಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ಅಂಗವೈಕಲ್ಯ. ಅದರ ಜಾಗಕ್ಕೆ ಬಂದ 2016ರ ಕಾಯ್ದೆಯಲ್ಲಿ 21 ಇವೆ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ, ಆಟಿಸಂ, ಮಾನಸಿಕ ಕಾಯಿಲೆ, ಹಿಮೊಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಎಲ್ಲವೂ ಅದರಲ್ಲಿ ಬರುತ್ತವೆ. ಮುಖ ನೋಡಿ ಇದನ್ನೆಲ್ಲ ಹೇಳೋಕಾಗುತ್ತಾ? ಅದೇ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ 5 ಸೀಟು ಮೀಸಲಿಡಬೇಕು. ಅಂದರೆ ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ ಬರುತ್ತಾರೆ.

ಇನ್ನು ಯಾವ ಪಟ್ಟಿಗೂ ಸೇರದವರು ಇದ್ದಾರೆ. ಪಿಯುವರೆಗೆ ಕನ್ನಡದಲ್ಲಿ ಓದಿ ಇಂಗ್ಲಿಷಿನ ಬಿ.ಕಾಂ.ಗೆ ಬಂದವರು, ಇರುವ ಒಂದೇ ಬಸ್ಸಿಗೆ ಕಾದು ಮೊದಲನೇ ಪೀರಿಯಡ್ ತಪ್ಪಿಸಿಕೊಳ್ಳುವವರು, ರಾತ್ರಿ ಪಾಳಿ ಕೆಲಸ ಮುಗಿಸಿ ನೇರ ಕ್ಲಾಸಿಗೆ ಬರುವವರು, ಬೈಕಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡವರು. ಮುಂದೆ ಹೇಳುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಇವರಿಗೂ ಬೇಕಾದದ್ದೇ.

ಹಾಗಾಗಿ ಮೊದಲ ವಾರ ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿ. ಎಲ್ಲರಿಗೂ ಅನ್ನುವುದು ಮುಖ್ಯ. "ನಿಮಗೇನು ಕಾಯಿಲೆ" ಅಂತಲ್ಲ, "ಪಾಠ ಕೇಳೋಕೆ, ಓದೋಕೆ, ಬರೆಯೋಕೆ, ಕ್ಲಾಸಿಗೆ ಬರೋಕೆ ನಿಮಗೆ ಯಾವ ಅನುಕೂಲ ಇದ್ದರೆ ಒಳ್ಳೆಯದು" ಅಂತ ಕೇಳಿ. ಬರೆಯೋಕಾಗದವರು ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ. ಚೀಟಿ ಓದಿದ ಮೇಲೆ ಯಾರನ್ನೂ ಎದ್ದು ನಿಲ್ಲಿಸಬೇಡಿ, ಕ್ಲಾಸಿನ ಮುಂದೆ ಹೆಸರು ಹೇಳಬೇಡಿ, ಸರ್ಟಿಫಿಕೇಟ್ ತಂದು ತೋರಿಸು ಅನ್ನಬೇಡಿ. ನೋಟ್ಸ್‌ನ ಅಕ್ಷರ ದೊಡ್ಡದು ಮಾಡಿ ಕೊಡೋದಕ್ಕೆ ಯಾವ ಸರ್ಟಿಫಿಕೇಟ್ ಬೇಕು ಹೇಳಿ. ಅದು ಬೇಕಾಗುವುದು ಯೂನಿವರ್ಸಿಟಿ ಪರೀಕ್ಷೆಗೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಎರಡನೆಯದು: ನೋಟ್ಸ್ ಬಾಯಿ ಬಿಡುತ್ತದೆಯಾ ನೋಡಿ

ಕನ್ನಡ ಮಾಧ್ಯಮದಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಇರುವುದು ಇಲ್ಲೇ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸುತ್ತಾರೆ. ಎನ್‌ವಿಡಿಎ ಪೂರ್ತಿ ಉಚಿತ. ಪರದೆಯ ಮೇಲಿನ ಕನ್ನಡವನ್ನು ಎರಡೂ ಓದಿ ಹೇಳುತ್ತವೆ. ಆದರೆ ಒಂದು ಷರತ್ತಿದೆ, ಅಲ್ಲಿ ನಿಜವಾಗಿ ಕನ್ನಡ ಇರಬೇಕು.

ಇದೆಯೋ ಇಲ್ಲವೋ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮ್ಮ ನೋಟ್ಸ್‌ನ ಪಿಡಿಎಫ್ ಅನ್ನು ಮೊಬೈಲಿನಲ್ಲಿ ತೆರೆಯಿರಿ. ಒಂದು ಸಾಲನ್ನು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವೇ ಬಂದರೆ ಒಳ್ಳೆಯದು. ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂದರೆ ಅದು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆದದ್ದು. ಸಾಲು ಆಯ್ಕೆಯೇ ಆಗದಿದ್ದರೆ ಅದು ಬರಿ ಫೋಟೊ.

ಹಳೆಯ ನುಡಿ ಫಾಂಟಿನ ಸಮಸ್ಯೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಾಲೇಜುಗಳ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ ಬಹಳಷ್ಟು ಅದರಲ್ಲೇ ಇವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತಂದು ಕೂರಿಸುತ್ತವೆ. ನೀವು "ಕನ್ನಡ" ಅಂತ ಟೈಪ್ ಮಾಡಿರುತ್ತೀರಿ, ಕಣ್ಣಿಗೂ ಹಾಗೇ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಮಾತ್ರ ಅದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೊಂದು ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಇನ್ನೊಂದು ಗೀಟಿನ ಎ, ಹೀಗೆ ಕೂತಿರುತ್ತದೆ. ಎನ್‌ವಿಡಿಎ ಓದುವುದು ಒಳಗಿರುವುದನ್ನು, ಕಣ್ಣಿಗೆ ಕಾಣುವುದನ್ನಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಕಿವಿಗೆ ಬೀಳುವುದು ಬರಿ ಗೊಣಗಾಟ.

ಪರಿಹಾರ ಕಷ್ಟದ್ದಲ್ಲ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ (ಕನ್ನಡವನ್ನು ಕಂಪ್ಯೂಟರಿನ ಒಳಗೂ ಕನ್ನಡವಾಗೇ ಇಡುವ ವ್ಯವಸ್ಥೆ) ಬದಲಾಯಿಸಿಕೊಡುವ ಉಚಿತ ಸಾಧನಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಬರಹ ತಂತ್ರಾಂಶದ ಜೊತೆಗೂ ಒಂದು ಬರುತ್ತದೆ. ವರ್ಡ್ ಫೈಲಿನಿಂದ ಕಾಪಿ ಮಾಡಿ, ಅಲ್ಲಿ ಹಾಕಿ, ಬದಲಾಯಿಸಿ, ವಾಪಸ್ ತನ್ನಿ. ಆಮೇಲೆ ಎರಡು ವಿಷಯ ಕಡ್ಡಾಯವಾಗಿ ನೋಡಿ. ಒಂದು, ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯಾ ಅಂತ. "ಅರ್ಥಶಾಸ್ತ್ರ" ಅನ್ನುವುದು "ಅಥರ್ಶಾಸ್ತ್ರ" ಆಗಿರುವ ಸಂಭವ ಇದೆ. ಇನ್ನೊಂದು, ಮಧ್ಯೆ ಇಂಗ್ಲಿಷಿನಲ್ಲಿ ಬರೆದ ಪದಗಳು ಏನಾಗಿವೆ ಅಂತ. ಅವನ್ನೂ ಕನ್ನಡ ಅಂದುಕೊಂಡು ಆ ಸಾಧನ ಕಲಸಿಬಿಡುತ್ತದೆ. ಇನ್ನು ಮುಂದಿನದ್ದನ್ನೆಲ್ಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಡಿಟಿಪಿ ಅಂಗಡಿಗೆ ಕೊಡುವುದಾದರೆ "ಯೂನಿಕೋಡ್‌ನಲ್ಲಿ ಮಾಡಿ, ವರ್ಡ್ ಫೈಲ್ ಬೇಕು" ಅಂತ ಮೊದಲೇ ಹೇಳಿ, ಆಮೇಲೆ ಹೇಳಿದರೆ ಇನ್ನೊಂದು ಸಲ ದುಡ್ಡು ಕೇಳುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಯೂನಿಕೋಡ್‌ನಲ್ಲಿದ್ದರೂ ಪಿಡಿಎಫ್ ಮಾಡಿದಾಗ ಕನ್ನಡದ ಒತ್ತಕ್ಷರಗಳು ಎಷ್ಟೋ ಸಲ ಒಳಗಡೆ ಮುರಿದುಹೋಗುತ್ತವೆ. ಹಾಗಾಗಿ ಪಿಡಿಎಫ್ ಜೊತೆ ವರ್ಡ್ ಫೈಲನ್ನೂ ಕೊಡಿ. "ಯಾರೋ ಕದ್ದು ತಮ್ಮ ಹೆಸರು ಹಾಕಿಕೊಳ್ಳುತ್ತಾರೆ" ಅನ್ನುವ ಭಯ ನಮ್ಮಲ್ಲಿ ಜಾಸ್ತಿ. ನಮ್ಮ ನೋಟ್ಸ್‌ಗೆ ಅಷ್ಟೊಂದು ಬೇಡಿಕೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಬಿಡಿ.

ಫೋಟೊ ಆಗಿರುವ ನೋಟ್ಸ್‌ಗೆ ಗೂಗಲ್ ಡ್ರೈವ್ ಸಾಕು. ಸ್ಕ್ಯಾನ್ ಆದ ಪುಟಗಳನ್ನು ಅಲ್ಲಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಹೊರತೆಗೆದು ಕೊಡುತ್ತದೆ. ಅಚ್ಚಾದ ಕನ್ನಡ ಚೆನ್ನಾಗಿ ಬರುತ್ತದೆ, ಕೈಬರಹವನ್ನು ನಂಬಬೇಡಿ. ಎರಡು ಕಾಲಂ ಇರುವ ಪುಟವಾದರೆ ಸಾಲುಗಳು ಕಲಸಿಹೋಗಿರಬಹುದು, ಒಮ್ಮೆ ಓದಿ ನೋಡಿ. ಪಠ್ಯಪುಸ್ತಕವನ್ನು ಹೀಗೆ ಮಾಡಬಹುದಾ, ಕಾಪಿರೈಟ್ ಕೇಸ್ ಆಗಲ್ವಾ ಅಂತ ಹೆದರುವವರಿದ್ದಾರೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಅಂಗವೈಕಲ್ಯ ಇರುವವರ ಸ್ವಂತ ಓದಿಗೆ, ಕಲಿಕೆಗೆ, ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತಂದುಕೊಡುವುದು ತಪ್ಪಲ್ಲ. ಅದನ್ನೇ ಇಡೀ ಕ್ಲಾಸಿನ ಗ್ರೂಪಿಗೆ ಹಾಕಬೇಡಿ, ಅಷ್ಟೇ. ಕೆಲಸ ಶುರು ಮಾಡುವ ಮೊದಲು, 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಲೈಬ್ರರಿಯಲ್ಲಿ ಆ ಪುಸ್ತಕ ಆಗಲೇ ಇದೆಯಾ ಅಂತಲೂ ಹುಡುಕಿ. ಇದ್ದರೆ ನಿಮ್ಮ ಶ್ರಮ ಉಳಿಯಿತು.

ಮೂರನೆಯದು: ಫೈಲಿನ ಒಳಗಿನ ಚಿಕ್ಕಪುಟ್ಟ ಕೆಲಸ

ಇದನ್ನು ಬೇಗ ಹೇಳಿಬಿಡುತ್ತೇನೆ. ತಲೆಬರಹಗಳನ್ನು ಬರಿ ಬೋಲ್ಡ್ ಮಾಡಿ ದೊಡ್ಡದು ಮಾಡಿದರೆ ಸಾಲದು, ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಅಂತ ಇದೆಯಲ್ಲ, ಅದನ್ನು ಕೊಡಿ. ಆಗ ಕಿವಿಯಲ್ಲಿ ಓದುವವರು ಒಂದು ತಲೆಬರಹದಿಂದ ಇನ್ನೊಂದಕ್ಕೆ ನೇರ ಹಾರಬಹುದು. ಇಲ್ಲದಿದ್ದರೆ ನಾಲ್ಕನೇ ಘಟಕ ಬೇಕಾದಾಗ ಮೊದಲ ಪುಟದಿಂದ ಕೇಳುತ್ತಾ ಕೂರಬೇಕು. ಅಕ್ಷರ 14ಕ್ಕಿಂತ ಚಿಕ್ಕದು ಬೇಡ, ಮಂಜುಗಣ್ಣಿನವರಿಗೆ 18, 20 ಬೇಕಾಗಬಹುದು, ಅವರನ್ನೇ ಕೇಳಿ.

ಕನ್ನಡದಲ್ಲಿ ಪದದ ಕೆಳಗೆ ಗೆರೆ ಎಳೆಯಬೇಡಿ. ಒತ್ತಕ್ಷರ ಇರುವುದೇ ಅಲ್ಲಿ, ಗೆರೆ ಅದರ ಮೇಲೇ ಹಾದುಹೋಗುತ್ತದೆ. ಓದು ನಿಧಾನ ಇರುವವರಿಗೆ ಅದೊಂದು ಹಿಂಸೆ. ಮುಖ್ಯ ಪದವನ್ನು ಬೋಲ್ಡ್ ಮಾಡಿ ಸಾಕು. ಸ್ಲೈಡ್‌ನಲ್ಲಿ ಬಿಳಿ ಮೇಲೆ ಹಳದಿ, ನೀಲಿ ಮೇಲೆ ಕೆಂಪು ಹಾಕುವ ಚಟ ಇದ್ದರೆ ಬಿಟ್ಟುಬಿಡಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಲೆಕ್ಕ ಹಾಕುವುದು ಬೇಡ ಅಂದರೆ ಬಿಳಿ ಮೇಲೆ ಕಪ್ಪು ಬರೆಯಿರಿ. "ಕೆಂಪು ಬಣ್ಣದಲ್ಲಿರುವುದು ಪರೀಕ್ಷೆಗೆ ಬರುತ್ತದೆ" ಅಂತ ಮಾತ್ರ ಹೇಳಬೇಡಿ, ಕೆಂಪು ಹಸಿರು ಗೊತ್ತಾಗದವರು ಕ್ಲಾಸಿನಲ್ಲಿ ಇರಬಹುದು. ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆಯನ್ನೂ ಹಾಕಿ.

ನಾಲ್ಕನೆಯದು: ಚಿತ್ರ, ಗ್ರಾಫ್

ಅರ್ಥಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಬೇಡಿಕೆ ರೇಖೆ ಬರೆದು ಹೇಳುವುದು ಹೇಗೆ? "ಇಲ್ಲಿ ನೋಡಿ, ಇದು ಇಲ್ಲಿಂದ ಹೀಗೆ ಇಳಿದು ಇಲ್ಲಿಗೆ ಬರುತ್ತೆ." ಕಣ್ಣು ಕಾಣದವರಿಗೆ ಈ ವಾಕ್ಯದಲ್ಲಿ ಏನೂ ಇಲ್ಲ. ಹಿಂದಿನ ಬೆಂಚಿನವರಿಗೂ, ಆ ದಿನ ಬಾರದೆ ರೆಕಾರ್ಡಿಂಗ್ ಕೇಳುವವರಿಗೂ ಏನೂ ಇಲ್ಲ.

ಅದನ್ನೇ ಹೀಗೆ ಹೇಳಿ ನೋಡಿ: "ಅಡ್ಡ ಗೆರೆಯಲ್ಲಿ ಟೊಮೆಟೊ ಎಷ್ಟು ಕಿಲೋ ಅಂತ ಇದೆ. ನೇರ ನಿಂತ ಗೆರೆಯಲ್ಲಿ ಕಿಲೋಗೆ ಎಷ್ಟು ರೂಪಾಯಿ ಅಂತ ಇದೆ. ಬೆಲೆ 60 ಇದ್ದಾಗ ಒಂದು ಮನೆಯವರು ತಿಂಗಳಿಗೆ 2 ಕಿಲೋ ಕೊಳ್ಳುತ್ತಾರೆ, 40 ಆದರೆ 4 ಕಿಲೋ, 20 ಆದರೆ 6 ಕಿಲೋ. ಈ ಮೂರು ಚುಕ್ಕಿ ಸೇರಿಸಿದರೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುವ ಗೆರೆ ಬರುತ್ತದೆ." ಮೂರು ವಾಕ್ಯ ಜಾಸ್ತಿ ಆಯಿತು, ಅಷ್ಟೇ. ಆದರೆ ಕಣ್ಣು ಮುಚ್ಚಿಕೊಂಡು ಕೇಳಿದವರಿಗೂ ಗ್ರಾಫ್ ಗೊತ್ತಾಯಿತು. ಇದೇ ವಾಕ್ಯಗಳನ್ನು ನೋಟ್ಸ್‌ನಲ್ಲಿ ಚಿತ್ರದ ಕೆಳಗೆ ಬರೆಯಿರಿ. ವರ್ಡ್‌ನಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ಓದಿ ಹೇಳುವ ವಿವರಣೆ) ಅಂತ ಬರುತ್ತದೆ, ಅಲ್ಲೂ ಚಿಕ್ಕದಾಗಿ ಹಾಕಿ. ಅಲ್ಲಿ "ಚಿತ್ರ 3" ಅಂತ ಬರೆದರೆ ಬರೆಯದಿದ್ದಂತೆಯೇ.

ಮುಟ್ಟಿ ನೋಡುವ ಗ್ರಾಫ್ ಬೇಕೆಂದರೆ ದಪ್ಪ ಡ್ರಾಯಿಂಗ್ ಹಾಳೆ, ಉಲ್ಲನ್ ದಾರ, ಫೆವಿಕಾಲ್ ಇದ್ದರೆ ಆಯಿತು. ಎರಡು ಅಕ್ಷಗಳಿಗೆ ತೆಳು ದಾರ, ರೇಖೆಗೆ ದಪ್ಪ ದಾರ, ಸಮತೋಲನದ ಬಿಂದುವಿಗೆ ಒಂದು ಬಿಂದಿ ಅಥವಾ ಗುಂಡಿ. ಪೂರೈಕೆ ರೇಖೆಯನ್ನೂ ಅದೇ ಹಾಳೆಯಲ್ಲಿ ಅಂಟಿಸುವುದಾದರೆ ಬೇರೆ ಬಗೆಯ ದಾರ ಬಳಸಿ, ಇಲ್ಲದಿದ್ದರೆ ಯಾವುದು ಯಾವುದು ಅಂತ ಬೆರಳಿಗೆ ತಿಳಿಯುವುದಿಲ್ಲ. ಇದನ್ನು ಕ್ಲಾಸಿನ ಬೇರೆ ಹುಡುಗರಿಗೆ ಅಸೈನ್‌ಮೆಂಟ್ ಆಗಿ ಕೊಟ್ಟರೆ ಇನ್ನೂ ಒಳ್ಳೆಯದು. ದಾರ ಯಾವ ಕಡೆ ಬಾಗಬೇಕು ಅಂತ ಯೋಚಿಸುವಾಗ ಅವರಿಗೂ ಪಾಠ ತಲೆಗೆ ಹತ್ತುತ್ತದೆ.

ಐದನೆಯದು: ಕ್ಲಾಸಿನಲ್ಲಿ ನಿಂತು ಮಾತಾಡುವಾಗ

ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಬರೆಯುವಾಗ ಬರೆಯಿರಿ, ತಿರುಗಿ ಆಮೇಲೆ ಮಾತಾಡಿ. ಕಿವಿ ಮಂದ ಇರುವವರು ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾರೆ. ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ನಿಮ್ಮ ಮುಖ ಕತ್ತಲಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಹಿಂದಿನಿಂದ ಯಾರೋ ಪ್ರಶ್ನೆ ಕೇಳಿದರೆ ಅದನ್ನು ನೀವೊಮ್ಮೆ ಜೋರಾಗಿ ಹೇಳಿ ಆಮೇಲೆ ಉತ್ತರ ಕೊಡಿ. ಬೋರ್ಡ್ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ.

ನಿಮ್ಮ ಮಾತು ಕೂಡಲೇ ಅಕ್ಷರವಾಗಿ ಕಾಣಬೇಕಾದರೆ ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ ಗೂಗಲ್‌ನ ಆ್ಯಪ್ ಇದೆ, ನೀವು ಮಾತಾಡಿದ್ದನ್ನು ಅಕ್ಷರ ಮಾಡಿ ತೋರಿಸುತ್ತದೆ, ಕನ್ನಡದಲ್ಲೂ. ಫೋನು ನಿಮ್ಮ ಮೇಜಿನ ಮೇಲಿದ್ದರೆ ಕೆಲಸ ಮಾಡುತ್ತದೆ, ಐದನೇ ಬೆಂಚಿನ ಮೇಲಿದ್ದರೆ ಫ್ಯಾನಿನ ಸದ್ದು, ಪಕ್ಕದವರ ಪಿಸುಮಾತು ಎಲ್ಲ ಸೇರಿ ಕಲಸುಮೇಲೋಗರ. ಆದರೆ ಪೂರ್ತಿ ಕಿವುಡರಾಗಿ ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಇದರಿಂದ ಅಷ್ಟೇನೂ ಸಹಾಯವಿಲ್ಲ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ, ಅವರಿಗೆ ಬರಹದ ಕನ್ನಡ ಎರಡನೇ ಭಾಷೆ ಇದ್ದ ಹಾಗೆ. ಅಂಥವರಿಗೆ ದುಭಾಷಿ ಬೇಕು, ಅದನ್ನು ಕೊಡಿಸುವುದು ಕಾಲೇಜಿನ ಜವಾಬ್ದಾರಿ, ನಿಮ್ಮೊಬ್ಬರದಲ್ಲ. ನೀವು ಮಾಡಬೇಕಾದದ್ದು ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳುವುದು. ಜೊತೆಗೆ ಪಾಠದ ಪಾರಿಭಾಷಿಕ ಪದಗಳ ಪಟ್ಟಿಯನ್ನು ಒಂದು ವಾರ ಮುಂಚೆ ದುಭಾಷಿಗೆ ಕೊಡಿ. "ಸೀಮಾಂತ ತುಷ್ಟಿಗುಣ" ಅನ್ನುವುದನ್ನು ನಿಂತ ನಿಲುವಿನಲ್ಲಿ ಸನ್ನೆ ಮಾಡು ಅಂದರೆ ಯಾರಿಗೆ ತಾನೇ ಆಗುತ್ತದೆ? ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 2021ರಲ್ಲಿ 10,000 ಪದಗಳ ನಿಘಂಟು ತಂದಿದ್ದಾರೆ, ಅದರಲ್ಲಿ ಪಠ್ಯದ ಪದಗಳೂ ಇವೆ.

ಪ್ರತಿ ಘಟಕ ಮುಗಿದ ಮೇಲೆ ಐದು ನಿಮಿಷದ ಒಂದು ವಾಯ್ಸ್ ಮೆಸೇಜ್ ಕಳಿಸಿ, ಅದರಲ್ಲಿರುವುದನ್ನೇ ಅರ್ಧ ಪುಟ ಬರೆದೂ ಕಳಿಸಿ. ಓದೋಕೆ ಕಷ್ಟವಾದವರಿಗೆ ಒಂದು, ಕೇಳೋಕೆ ಕಷ್ಟವಾದವರಿಗೆ ಇನ್ನೊಂದು. ಬಸ್ಸಿನಲ್ಲಿ ನಿಂತುಕೊಂಡೇ ಬರುವವರು ಇಯರ್‌ಫೋನ್ ಹಾಕಿಕೊಂಡು ಇದನ್ನು ಕೇಳುತ್ತಾರೆ.

ಆರನೆಯದು: ಇಂಟರ್ನಲ್ಸ್‌ನಲ್ಲಿ ನೀವು ಅಳೆಯುತ್ತಿರುವುದು ಏನನ್ನು?

ಇದು ನಿಮ್ಮ ಕೈಯಲ್ಲೇ ಇರುವ ಜಾಗ, ಹಾಗಾಗಿ ಇಲ್ಲಿ ಧೈರ್ಯ ಮಾಡಬಹುದು. ಪ್ರತಿ ಟೆಸ್ಟ್, ಅಸೈನ್‌ಮೆಂಟ್ ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಅಂಕ ಬರುವುದು ವಿಷಯ ಗೊತ್ತಿರುವುದಕ್ಕೋ, ಇಲ್ಲ ದುಂಡಗೆ ಬರೆಯುವುದಕ್ಕೋ, ವೇಗಕ್ಕೋ, ನಲವತ್ತು ಜನರ ಮುಂದೆ ಧೈರ್ಯವಾಗಿ ನಿಲ್ಲುವುದಕ್ಕೋ? ಹಣದುಬ್ಬರದ ಕಾರಣ ಗೊತ್ತಿದೆಯಾ ಅಂತ ತಿಳಿಯೋಕೆ ಹತ್ತು ಪುಟದ ಕೈಬರಹದ ಅಸೈನ್‌ಮೆಂಟ್ ಬೇಕಾ? ಪುಸ್ತಕ ನೋಡಿ ಇಳಿಸಿದ್ದನ್ನು ನಾವೂ ಸುಮ್ನೆ ತಿರುವಿ ಹಾಕಿ ಸಹಿ ಮಾಡುತ್ತೇವೆ, ಅಲ್ವಾ.

ಬದಲಿಗೆ ಒಂದೇ ಪ್ರಶ್ನೆಗೆ ಮೂರು ದಾರಿ ಕೊಡಿ. ಎರಡು ಪುಟ ಬರೆದು ಕೊಡಿ, ಅಥವಾ ಆರು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿ, ಅಥವಾ ನನ್ನ ಮುಂದೆ ಕೂತು ಹೇಳಿ. ಈ ಆಯ್ಕೆ ಎಲ್ಲರಿಗೂ ಇರಲಿ, ಆಗ ಯಾರೂ "ಅವನಿಗೆ ಮಾತ್ರ ಯಾಕೆ" ಅನ್ನುವುದಿಲ್ಲ. ಅಂಕ ಕೊಡುವ ಲೆಕ್ಕ ಮೂರಕ್ಕೂ ಒಂದೇ ಆಗಿರಲಿ: ಕಾರಣಗಳು ಸರಿ ಇದ್ದರೆ ಇಷ್ಟು, ಉದಾಹರಣೆಗೆ ಇಷ್ಟು, ಸ್ವಂತ ಮಾತಿಗೆ ಇಷ್ಟು. ಸೆಮಿನಾರ್ ಎಂದರೆ ಬೆವರುವವರು ಮೂರು ಜನರ ಮುಂದೆ ಮಾಡಲಿ. ಕೊನೆಯ ದಿನಾಂಕದ ವಿಷಯದಲ್ಲಿ, ಯಾರು ಬೇಕಾದರೂ ಸೆಮಿಸ್ಟರ್‌ನಲ್ಲಿ ಒಂದು ಸಲ ಕಾರಣ ಹೇಳದೆ ಮೂರು ದಿನ ತಡವಾಗಿ ಕೊಡಬಹುದು ಅಂತ ಮೊದಲೇ ಬರೆದಿಟ್ಟುಬಿಡಿ. ರಕ್ತ ಹಾಕಿಸಿಕೊಳ್ಳೋಕೆ ಆಸ್ಪತ್ರೆಗೆ ಹೋಗುವ ಹುಡುಗಿ ಪ್ರತಿ ಸಲ ನಿಮ್ಮ ಮುಂದೆ ಬಂದು ತನ್ನ ಕಾಯಿಲೆ ಕಥೆ ಹೇಳಬೇಕಾಗಿಲ್ಲ.

ಏಳನೆಯದು: ಸೆಮಿಸ್ಟರ್ ಪರೀಕ್ಷೆ ಮತ್ತು ಸ್ಕ್ರೈಬ್

ಇಲ್ಲಿ ಕಾಗದಪತ್ರ ಇದೆ, ಬೇಗ ಶುರು ಮಾಡಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರು) ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಎರಡೂವರೆ ಗಂಟೆಯದಕ್ಕೆ 50 ನಿಮಿಷ. ಮಧ್ಯಾಹ್ನ 2ಕ್ಕೆ ಶುರುವಾಗುವ ಪತ್ರಿಕೆ ಆಗ ಸಂಜೆ 6ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ರೂಮ್ ಸೂಪರ್‌ವೈಸರ್ ಇರುತ್ತಾರಾ, ಶೌಚಾಲಯಕ್ಕೆ ಬೀಗ ಹಾಕಿರುತ್ತಾರಾ, ಊರಿಗೆ ಬಸ್ಸಿದೆಯಾ ಅನ್ನುವುದನ್ನು ಯಾರಾದರೂ ಮೊದಲೇ ನೋಡಬೇಕು. ಆ ಯಾರಾದರೂ ನೀವೇ ಆಗಿ.

ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಸ್ಕ್ರೈಬ್ ಇಲ್ಲ ಅನ್ನುವ ಮಾತು ಈಗಲೂ ಚಾಲ್ತಿಯಲ್ಲಿದೆ. ಅದು ತಪ್ಪು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲೇ, ಆ ಮಿತಿ ಇಟ್ಟುಕೊಂಡು ಸ್ಕ್ರೈಬ್ ನಿರಾಕರಿಸುವಂತಿಲ್ಲ ಅಂತ ಹೇಳಿತು. ಬರೆಯಲು ತೊಂದರೆ ಇರುವ, ಶೇ 40ಕ್ಕಿಂತ ಕಡಿಮೆಯವರಿಗೆ ಅಂತಲೇ 2022ರ ಆಗಸ್ಟ್‌ನಲ್ಲಿ ಮಾರ್ಗಸೂಚಿಯೂ ಬಂತು. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಅದಕ್ಕೇ ಸೆಮಿಸ್ಟರ್ ಶುರುವಿನಲ್ಲೇ ಹೇಳಿ. ಸ್ಕ್ರೈಬ್ ಎಷ್ಟು ಓದಿರಬೇಕು, ಯಾರು ಕರೆತರಬೇಕು ಅನ್ನುವ ನಿಯಮ ಆಗಾಗ ಬದಲಾಗುತ್ತದೆ. ನಿಮ್ಮ ಯೂನಿವರ್ಸಿಟಿಯ ಇತ್ತೀಚಿನ ಸುತ್ತೋಲೆ ನೋಡಿ, ಅದರ ಒಂದು ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಇರಲಿ. ಪರೀಕ್ಷೆ ದಿನ ಬಾಗಿಲಲ್ಲಿ ವಾದ ಮಾಡುವ ಪರಿಸ್ಥಿತಿ ಬಂದರೆ ಕಾಗದ ಇದ್ದವರು ಗೆಲ್ಲುತ್ತಾರೆ.

ಇನ್ನೊಂದು ವಿಷಯ, ಸ್ಕ್ರೈಬ್‌ಗೆ ಹೇಳಿ ಬರೆಸುವುದು ಒಂದು ಬೇರೆಯದೇ ವಿದ್ಯೆ. ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಪ್ಯಾರಾ, ಗ್ರಾಫ್‌ನಲ್ಲಿ ಯಾವ ಚುಕ್ಕಿ ಎಲ್ಲಿ ಅಂತ ಹೇಳುತ್ತಾ ಹೋಗಬೇಕು. ಇದನ್ನು ಮೊದಲ ಸಲ ಫೈನಲ್ ಪರೀಕ್ಷೆಯಲ್ಲೇ ಮಾಡಬಾರದು. ಇಂಟರ್ನಲ್ ಟೆಸ್ಟ್‌ಗೂ ಸ್ಕ್ರೈಬ್ ಕೊಡಿ, ಸಾಧ್ಯವಾದರೆ ಅದೇ ವ್ಯಕ್ತಿಯನ್ನು. "ಸ್ಕ್ರೈಬ್ ಅಂದ್ರೆ ಕಾಪಿ ಹೊಡೆಯೋಕೆ ದಾರಿ" ಅನ್ನುವ ಸಹೋದ್ಯೋಗಿಗಳಿಗೆ ನನ್ನ ಉತ್ತರ ಒಂದೇ: ಒಂದೇ ಡೆಸ್ಕಿಗೆ ಮೂವರನ್ನು ಕೂರಿಸುವ ಹಾಲ್‌ಗಿಂತ, ಒಬ್ಬ ಸೂಪರ್‌ವೈಸರ್ ಎದುರಿಗೇ ಕೂತಿರುವ ಆ ರೂಮಿನಲ್ಲಿ ಕಾಪಿ ಹೊಡೆಯುವುದು ಕಷ್ಟ.

ರೂಮಿನ ವಿಷಯ

ಟೈಮ್‌ಟೇಬಲ್ ಕಮಿಟಿಯವರನ್ನು ಹಿಡಿದು, ಮೆಟ್ಟಿಲು ಹತ್ತಲಾಗದ ವಿದ್ಯಾರ್ಥಿ ಇರುವ ಕ್ಲಾಸನ್ನು ನೆಲಮಹಡಿಗೆ ಹಾಕಿಸಿ. ಲಿಫ್ಟ್ ಬೇಕು ಅಂತ ಅರ್ಜಿ ಹಾಕಿ ಕೂತರೆ ಆ ವಿದ್ಯಾರ್ಥಿಯ ಮೂರು ವರ್ಷ ಮುಗಿದಿರುತ್ತದೆ, ಕ್ಲಾಸ್ ಕೆಳಗೆ ಬರೋಕೆ ಒಂದು ಪೆನ್ಸಿಲ್ ಸಾಕು. ಇಳಿಜಾರು ಇದ್ದರೆ ಅದರ ಬಾಯಿಗೆ ಬೈಕ್ ನಿಲ್ಲಿಸದಂತೆ ನೋಡಿಕೊಳ್ಳಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಮಾತ್ರ ಖಾಲಿ ಇರುವ ಇಳಿಜಾರುಗಳು ನಮ್ಮಲ್ಲಿ ಕಡಿಮೆ ಏನಿಲ್ಲ.

ಅಷ್ಟೆಲ್ಲ ಟೈಮ್ ಎಲ್ಲಿದೆ ಅನ್ನುವವರಿಗೆ

ಅತಿಥಿ ಉಪನ್ಯಾಸಕರಿಗೆ, ಎರಡೆರಡು ಕಾಲೇಜು ಓಡಾಡುವವರಿಗೆ ಇದೆಲ್ಲ ಒಟ್ಟಿಗೆ ಆಗುವ ಮಾತಲ್ಲ, ಗೊತ್ತು. ಈ ಸೆಮಿಸ್ಟರ್ ಒಂದೇ ಘಟಕ ತೆಗೆದುಕೊಳ್ಳಿ. ಅದರ ನೋಟ್ಸ್ ಯೂನಿಕೋಡ್‌ಗೆ ತನ್ನಿ, ಹೆಡಿಂಗ್ ಕೊಡಿ, ಅದರಲ್ಲಿರುವ ಗ್ರಾಫ್‌ಗಳನ್ನು ಮಾತಿನಲ್ಲಿ ಬರೆಯಿರಿ, ಒಂದು ವಾಯ್ಸ್ ಮೆಸೇಜ್ ಮಾಡಿ. ನಿಮ್ಮ ಫೋನಿನಲ್ಲೇ ಟಾಕ್‌ಬ್ಯಾಕ್ ಹಾಕಿ ಎರಡು ಪುಟ ಕೇಳಿ. ಹಾಕುವ ಮುಂಚೆ ಅದನ್ನು ಆಫ್ ಮಾಡುವುದು ಹೇಗೆ ಅಂತ ನೋಡಿಕೊಂಡಿರಿ, ಅದು ಆನ್ ಆದ ಮೇಲೆ ಎರಡು ಸಲ ತಟ್ಟಿದರೆ ಮಾತ್ರ ಫೋನು ಮಾತು ಕೇಳುತ್ತದೆ. ಆಮೇಲೆ ಆ ನೋಟ್ಸ್ ನಿಜವಾಗಿ ಬಳಸುವ ವಿದ್ಯಾರ್ಥಿಗೆ ಕಳಿಸಿ, ಎಲ್ಲಿ ತಡವರಿಸಿತು ಅಂತ ಕೇಳಿ. ನಮಗೆ ಹೊಳೆಯದ ತೊಡಕನ್ನು ಅವರು ಮೊದಲ ಪುಟದಲ್ಲೇ ಹಿಡಿದುಕೊಡುತ್ತಾರೆ.

ಮೂರನೇ ವಾರಕ್ಕೆ ಮತ್ತೊಮ್ಮೆ ಅದೇ ಚೀಟಿ ಹಂಚಿ. ಮೊದಲ ವಾರ ಬಾಯಿ ಬಿಡದವರು ಆ ಹೊತ್ತಿಗೆ ನಿಮ್ಮನ್ನು ನೋಡಿರುತ್ತಾರೆ, ಹೇಳಬಹುದೋ ಬಾರದೋ ಅಂತ ತೀರ್ಮಾನ ಮಾಡಿರುತ್ತಾರೆ. ತಯಾರಾದ ಫೈಲುಗಳನ್ನು ನಿಮ್ಮ ಪೆನ್‌ಡ್ರೈವ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ವಿಭಾಗದ ಕಂಪ್ಯೂಟರಿನಲ್ಲಿ ವಿಷಯ, ಘಟಕ, ವರ್ಷ ಬರೆದು ಇಡಿ. ಮುಂದಿನ ವರ್ಷ ಆ ಪೇಪರ್ ಯಾರ ಪಾಲಿಗೆ ಬರುತ್ತದೋ ಅವರು ಎರಡನೇ ಘಟಕದಿಂದ ಮುಂದುವರಿಸಲಿ.